ಈರುಳ್ಳಿ ಸೂಪಿನ ಫೋಟೋ

ನಮ್ಮ ‘ಅಜ್ಜಿಮನೆ ಬಳಗ’ ಗುಂಪಿನಲ್ಲಿ ಭಾನುವಾರ ರಾತ್ರಿ ನಡೆದ ಜಗಳ ಇದು. ಗುಡ್ ನೈಟ್ ಹೂವುಗಳನ್ನು ತೆಗೆದಿದ್ದೇನೆ, ಒಂದನ್ನು ಬಿಟ್ಟು. ಉಳಿದದ್ದು ಹಾಗೇ ಇದೆ. ಕಿಟ್ಟಿ ಇರುವುದು ಇಂಗ್ಲೆಂಡಿನಲ್ಲಿ.

ಕಿಟ್ಟಿ: [ಎರಡು ಫೋಟೋ] ಇವತ್ತು ಅಪ್ಪ ಅಮ್ಮನನ್ನು ಆಕ್ಸ್‌ಫರ್ಡ್‌ಶೈರ್ ಕಡೆಯ ಒಂದು ಹಳ್ಳಿ ಪಬ್ಬಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ನಾನೂರು ವರ್ಷದ ಕಟ್ಟಡ. ತೊಲೆ ಎಷ್ಟು ತಗ್ಗು ಅಂದರೆ ಅಪ್ಪ ಎರಡು ಸಲ ತಲೆ ತಗುಲಿಸಿಕೊಂಡರು. ಅಡುಗೆ ಫ್ರೆಂಚ್ ಶೈಲಿ. ಅಮ್ಮನ ಮುಂದಿರುವುದು ಈರುಳ್ಳಿ ಸೂಪ್. ಇನ್ನೊಂದು ಮೆನು.

ಶೈಲಕ್ಕ: ಪಬ್ಬಿಗಾ? ಚಿಕ್ಕಮ್ಮನನ್ನು ಹೆಂಡದಂಗಡಿಗೆ ಕರೆದುಕೊಂಡು ಹೋದೆಯಾ?

ಕಿಟ್ಟಿ: ಅಕ್ಕಾ, ಇಲ್ಲಿ ಪಬ್ ಅಂದರೆ ಹಾಗಲ್ಲ. ಪಕ್ಕದ ಮೇಜಿನಲ್ಲಿ ಕೈಗೂಸು ಇತ್ತು. ಮೇಜಿನ ಕೆಳಗೆ ನಾಯಿ ಮಲಗಿತ್ತು.

ಶೈಲಕ್ಕ: ನಾಯಿಯೂ ಇತ್ತಾ! ಸರಿಹೋಯ್ತು.

ದೊಡ್ಡಪ್ಪ: ಶೈಲಾ, ಅಂಥ ಹಳೆಯ ಪಬ್ಬುಗಳಲ್ಲಿ ಎಷ್ಟೋ ಒಂದು ಕಾಲದಲ್ಲಿ ದಾರಿಹೋಕರ ಛತ್ರಗಳು. ಕುದುರೆ ಗಾಡಿಗಳು ಅಲ್ಲಿ ನಿಲ್ಲುತ್ತಿದ್ದವು. ಕುದುರೆ ಬದಲಿಸುತ್ತಿದ್ದರು. ಜನ ಉಂಡು ಮಲಗುತ್ತಿದ್ದರು. ಛತ್ರ, ಜೊತೆಗೆ ಬಿಯರ್. ಅಷ್ಟೇ.

ಶೈಲಕ್ಕ: ಆ ‘ಜೊತೆಗೆ’ ಬಗ್ಗೆಯೇ ಅಪ್ಪಾ ನಾನು ಹೇಳಿದ್ದು.

ಪುಟ್ಟಿ: ಪಬ್ ಬಿಡಿ. ಕಿಟ್ಟಿ ಮಾವ, ಸೂಪಿಗೆ ಯಾವ ಸ್ಟಾಕ್ ಹಾಕಿದ್ದಾರೆ ಅಂತ ಕೇಳಿದಿರಾ?

(ಪುಟ್ಟಿ ಮಣಿಪಾಲದಲ್ಲಿ ಹೋಟೆಲ್ ಅಡುಗೆ ಕಲಿಯುತ್ತಿದ್ದಾಳೆ. ಅವಳು ಕೇಳಿದಳು ಅಂದರೆ ಏನೋ ಇದೆ.)

ಕಿಟ್ಟಿ: ಈರುಳ್ಳಿ ಸೂಪ್ ಪುಟ್ಟಿ. ಹೆಸರಲ್ಲೇ ಇದೆ.

ಪುಟ್ಟಿ: ಹೆಸರಲ್ಲಿ ಅರ್ಧ ಮಾತ್ರ ಇದೆ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬಾಡಿಸುತ್ತಾರೆ. ಬೆಲ್ಲದ ಬಣ್ಣ ಬರಬೇಕು. ಆಮೇಲೆ ಸ್ವಲ್ಪ ವೈನ್. ಆಮೇಲೆ ಬೀಫ್ ಸ್ಟಾಕ್. ನಮ್ಮ ಒಬ್ಬಟ್ಟಿನ ಸಾರಿಗೆ ಬೇಳೆ ಕಟ್ಟು ಇದ್ದ ಹಾಗೆ, ಅವರದು ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ಕಟ್ಟು. ಮೇಲೆ ಬ್ರೆಡ್, ಗ್ರೂಯೇರ್ ಚೀಸ್. ಆ ಚೀಸಿಗೂ ಹಾಲು ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ.

ಶೈಲಕ್ಕ: ರಾಮ ರಾಮ.

ಶೈಲಕ್ಕ: ಕಿಟ್ಟಿ, ಏನಿದು?

ಕಿಟ್ಟಿ: ನಾನೇನು ಸುಮ್ನೆ ಕೂತಿರಲಿಲ್ಲ. ಅಲರ್ಜಿ ಪಟ್ಟಿ ತರಿಸಿ ನೋಡಿದೆ. ಗೋಧಿ, ಹಾಲು, ಸೆಲರಿ. ಬೇರೇನೂ ಇರಲಿಲ್ಲ.

ಪುಟ್ಟಿ: ಆ ಪಟ್ಟಿ ಇರುವುದು ಬೇರೆ ಕೆಲಸಕ್ಕೆ ಮಾವ. ಅಲ್ಲಿನ ಕಾನೂನಿನಲ್ಲಿ ಒಟ್ಟು 14 ಅಲರ್ಜಿ ಪದಾರ್ಥಗಳಿವೆ. ಕಡಲೆಕಾಯಿ, ಮೊಟ್ಟೆ, ಮೀನು, ಎಳ್ಳು, ಸಾಸಿವೆ ಎಲ್ಲ ಬರುತ್ತವೆ. ದನದ ಮಾಂಸ ಬರುವುದೇ ಇಲ್ಲ. ನೀವು ನೋಡಬೇಕಿದ್ದದ್ದು ಮೆನುವಿನಲ್ಲಿ ‘ವಿ’ ಅಕ್ಷರ, ಅಂದರೆ ವೆಜಿಟೇರಿಯನ್ ಗುರುತು.

ನಾನು: ಮೆನು ಫೋಟೋ ದೊಡ್ಡದು ಮಾಡಿ ನೋಡಿದೆ. ಸೂಪಿನ ಮುಂದೆ ‘ವಿ’ ಇಲ್ಲ. ಅಣಬೆ ಟೋಸ್ಟಿನ ಮುಂದೆ ಇದೆ.

ಕಿಟ್ಟಿ: ಎಲ್ಲರೂ ಸರಿಯಾಗಿ ‘ವಿ’ ಹಾಕುವುದಿಲ್ಲ. ಇಲ್ಲಿಗೆ ಬಂದು 11 ವರ್ಷ ಆಯ್ತು, ನನಗೆ ಗೊತ್ತಿಲ್ವಾ?

ಶೈಲಕ್ಕ: 11 ವರ್ಷ ಇದ್ದು ಒಂದು ಮಾತು ಕೇಳಲು ಬಾಯಿ ಬರಲಿಲ್ವಾ? ಇಲ್ಲಿ ನಾವು ಬಿಸ್ಕತ್ ಪೊಟ್ಟಣದ ಮೇಲೂ ಹಸಿರು ಚುಕ್ಕೆ ಹುಡುಕುತ್ತೇವೆ.

ಕಿಟ್ಟಿ: ಅಕ್ಕಾ, ನಿಮ್ಮ ಮಗ ಬೆಂಗಳೂರಿನಲ್ಲಿ ಏನೇನು ತಿನ್ನುತ್ತಾನೆ ಅಂತ ಇಲ್ಲಿ ಬರೆಯಲಾ?

ಪುಟ್ಟಿ: ಅಣ್ಣನನ್ನು ಎಳೆಯಬೇಡಿ. ಅವನು ಗೊತ್ತಿದ್ದೇ ತಿನ್ನುತ್ತಾನೆ. ಕಮಲಜ್ಜಿಗೆ ಗೊತ್ತಿಲ್ಲದೆ ತಿನ್ನಿಸುವುದು ಬೇರೆ.

(ಇಲ್ಲಿ ಐದು ನಿಮಿಷ ಯಾರೂ ಮಾತಾಡಲಿಲ್ಲ.)

ದೊಡ್ಡಪ್ಪ: ಈ ಗೊಂದಲ ಇವತ್ತಿನದಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಅವರ ಮಾತು ಫ್ರೆಂಚ್. ಕೊಟ್ಟಿಗೆಯಲ್ಲಿ ಇರುವಾಗ ಕೌ, ಶೀಪ್, ಪಿಗ್ ಎಂಬ ಹಳೆ ಇಂಗ್ಲಿಷ್ ಹೆಸರೇ ಉಳಿಯಿತು. ತಟ್ಟೆಗೆ ಬಂದ ಮೇಲೆ ಬೀಫ್, ಮಟನ್, ಪೋರ್ಕ್. ಮೂರೂ ಫ್ರೆಂಚಿನಿಂದ ಬಂದವು. ಮೇಯಿಸಿದವರು ಒಬ್ಬರು, ತಿಂದವರು ಇನ್ನೊಬ್ಬರು.

ಶೈಲಕ್ಕ: ಅಪ್ಪಾ, ಪಾಠ ನಾಳೆ ಮಾಡಿ.

ದೊಡ್ಡಪ್ಪ: ನಾನು ಹೇಳುವುದು ಇಷ್ಟೇ. ಅಲ್ಲಿ ಹೆಸರು ನೋಡಿದರೆ ಒಳಗೇನಿದೆ ಎಂದು ತಿಳಿಯುವುದಿಲ್ಲ. ಕೇಳಬೇಕಿತ್ತು.

ಕಿಟ್ಟಿ: ನೀವೂ ಹಾಗೇ ಅಂದರೆ ಹೇಗೆ ದೊಡ್ಡಪ್ಪ? ಸರಿ, ತಪ್ಪು ನನ್ನದೇ. ಈಗ ದಯವಿಟ್ಟು ಎಲ್ಲರೂ ನಿಮ್ಮ ನಿಮ್ಮ ಮೆಸೇಜ್ ಅಳಿಸಿ. ಅಮ್ಮ ನೋಡಿದರೆ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ.

ನಾನು: ನೀಲಿ ಗೆರೆ ಬಂದಾಗಿದೆ ಕಿಟ್ಟಿ.

ಕಮಲ ಚಿಕ್ಕಮ್ಮ: ನಾನು ಆಗಿನಿಂದ ಓದುತ್ತಾ ಇದ್ದೇನೆ. ಬರೆಯುವುದು ನಿಧಾನ. ಸೂಪ್ ನಾನು ತಿನ್ನಲಿಲ್ಲ.

ಕಮಲ ಚಿಕ್ಕಮ್ಮ: ಫೋಟೋ ತೆಗೆದು ಕಿಟ್ಟಿ ಕೈ ತೊಳೆಯಲು ಹೋದ. ಬಡಿಸುವ ಹುಡುಗಿಯನ್ನು ಕರೆದೆ. ನೋ ಮೀಟ್ ಅಲ್ವಾ ಅಂದೆ. ನೋ ಮೀಟ್ ಅಂದಳು. ವಾಸನೆ ಯಾಕೋ ಹಿಡಿಸಲಿಲ್ಲ. ನೋ ಬೋನ್ ವಾಟರ್? ಅಂತ ಕೇಳಿದೆ. ಪಾಪ, ಒಳಗೆ ಹೋಗಿ ಕೇಳಿಕೊಂಡು ಬಂದು ಬಟ್ಟಲು ಎತ್ತಿಕೊಂಡು ಹೋದಳು. ಹತ್ತು ಸಲ ಸಾರಿ ಅಂದಳು. ಅಣಬೆ ಟೋಸ್ಟ್ ತಂದುಕೊಟ್ಟಳು. ಚೆನ್ನಾಗಿತ್ತು, ಖಾರ ಸಾಲದು.

ಕಿಟ್ಟಿ: ಅಮ್ಮಾ! ನನಗೆ ಯಾಕೆ ಹೇಳಲಿಲ್ಲ? ನೀನು ಸೂಪ್ ಬೇಗ ಮುಗಿಸಿದೆ ಅಂದುಕೊಂಡಿದ್ದೆ.

ಕಮಲ ಚಿಕ್ಕಮ್ಮ: ಆಸೆಪಟ್ಟು ಕರೆದುಕೊಂಡು ಹೋಗಿದ್ದೆ. ಹೇಳಿದ್ದರೆ ನಿನ್ನ ಮುಖ ಸಪ್ಪೆ ಆಗುತ್ತಿತ್ತು.

ಶೈಲಕ್ಕ: ನೋಡಿದಿರಾ? ಇವನ 11 ವರ್ಷಕ್ಕಿಂತ ಚಿಕ್ಕಮ್ಮನ ಬೋನ್ ವಾಟರ್ ಮೇಲು.

ಪುಟ್ಟಿ: ಅಜ್ಜಿ ಸೂಪರ್. ಇನ್ನೊಂದು ಕೇಳಲಾ? ಫೋಟೋದ ಮೂಲೆಯಲ್ಲಿ ಚಿಪ್ಸ್ ಕಾಣುತ್ತಿದೆ. ಅದನ್ನೂ ಕೇಳಿದಿರಾ? ಕೆಲವು ಹಳೆ ಕ್ರಮದ ಪಬ್ಬುಗಳಲ್ಲಿ ದನದ ಕೊಬ್ಬಿನಲ್ಲೇ ಕರಿಯುತ್ತಾರೆ.

ಕಮಲ ಚಿಕ್ಕಮ್ಮ: ಚಿಪ್ಸ್ ನಾನು ಮುಟ್ಟಲಿಲ್ಲ. ತಿಂದದ್ದು ಇವರು. ಎರಡು ಬಟ್ಟಲು.

ಶೈಲಕ್ಕ: ಚಿಕ್ಕಪ್ಪ?

ದೊಡ್ಡಪ್ಪ: ಏನಪ್ಪಾ, ಇದ್ದೀಯಾ?

(ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ. ನಿಲ್ಲಿಸಿದರು. ಮತ್ತೆ ಟೈಪ್ ಮಾಡುತ್ತಿದ್ದಾರೆ.)

ಚಿಕ್ಕಪ್ಪ: [ಗುಲಾಬಿ ಹೂವು] ಗುಡ್ ನೈಟ್.

ಕಿಟ್ಟಿ: ಅಪ್ಪಾ, ಇಲ್ಲಿ ಇನ್ನೂ ಸಂಜೆ ಆರು ಗಂಟೆ.