ಲೈಫ್ ಸೈನ್ಸಸ್ ಪಿಎಚ್‌ಡಿ: ನೆಟ್ ಮತ್ತೆ ಬರೀಲಾ, ಲ್ಯಾಬ್ ಹುಡುಕ್ಲಾ?

ದಾವಣಗೆರೆ ಹುಡುಗಿ: ಎಂಎಸ್ಸಿ ಬಯೋಟೆಕ್ ಮುಗ್ದು ಒಂದೂವರೆ ವರ್ಷ ಆಯ್ತು. ಸಿಎಸ್‌ಐಆರ್ ನೆಟ್ (ವಿಜ್ಞಾನದಲ್ಲಿ ಪಿಎಚ್‌ಡಿ, ಲೆಕ್ಚರರ್ ಅರ್ಹತೆಯ ರಾಷ್ಟ್ರೀಯ ಪರೀಕ್ಷೆ) ಎರಡು ಸಲ ಬರ್ದೆ, ಜೆಆರ್‌ಎಫ್ ಅಂದ್ರೆ ಪಿಎಚ್‌ಡಿಗೆ ಕೊಡೋ ಫೆಲೋಶಿಪ್ ಸಿಗ್ಲಿಲ್ಲ, ಈ ಸಲ ಬರೀ ಪಿಎಚ್‌ಡಿ ಕೆಟಗರಿಲಿ ಪಾಸ್, ಅಂದ್ರೆ ಅಡ್ಮಿಷನ್‌ಗೆ ಅರ್ಹತೆ ಇದೆ, ಫೆಲೋಶಿಪ್ ಇಲ್ಲ. ಮನೇಲಿ ಬಿಎಡ್ ಮಾಡು ಅಂತಿದಾರೆ. ಇನ್ನೊಂದ್ ಸಲ ಕೂತು ಓದ್ಲಾ, ಇಲ್ಲ ಬೆಂಗಳೂರಿಗೆ ಹೋಗಿ ಯಾವ್ದಾದ್ರೂ ಲ್ಯಾಬಲ್ಲಿ ಪ್ರಾಜೆಕ್ಟ್‌ಗೆ ಸೇರ್ಲಾ?

ಧಾರವಾಡದಾಂವ: ಇನ್ನೊಂದ್ ಸಲ ಬರೀವಾ ತಂಗಿ. ಜೆಆರ್‌ಎಫ್ ಇತ್ತಂದ್ರ ತಿಂಗಳಿಗೆ 37,000 ನಿನ್ನ ಹೆಸರಿಗೇ ಬರ್ತೈತಿ, 2 ವರ್ಷ ಆದಮ್ಯಾಲ 42,000. ಗೈಡ್ ಕಡೆ ರೊಕ್ಕ ಐತೋ ಇಲ್ಲೋ ಅನ್ನೋ ಚಿಂತಿ ಇರಂಗಿಲ್ಲ. ಪಾರ್ಟ್ ಸಿ ಗಟ್ಟಿ ಮಾಡ್ಕೊ, 200ರಾಗ 100 ಮಾರ್ಕ್ಸ್ ಅಲ್ಲೇ ಅದಾವು, 75 ಪ್ರಶ್ನೆದಾಗ 25 ಅಷ್ಟ ಬರಿಯೂದು.

ಜಕ್ಕೂರು ಕೆರೆ: ಅಣ್ಣ, ಪೂರ್ತಿ ಒಪ್ಪಲ್ಲ. ಜೆಆರ್‌ಎಫ್ ಇದ್ದೋರೇ ಪಿಎಚ್‌ಡಿ ಇಂಟರ್ವ್ಯೂಲಿ ತಡವರಿಸೋದು ನೋಡಿದೀನಿ. ನನಗೆ ಎಂಎಸ್ಸಿ ಪ್ರಾಜೆಕ್ಟಿನ ಒಂದೇ ಒಂದು ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಪತ್ತೆ ಮಾಡೋ ಪ್ರಯೋಗ) ಮೇಲೆ ಇಪ್ಪತ್ತು ನಿಮಿಷ ಕೇಳಿದ್ರು, ಲೋಡಿಂಗ್ ಕಂಟ್ರೋಲ್ (ಎಲ್ಲ ಸ್ಯಾಂಪಲ್ ಸಮ ಹಾಕಿದೀವಾ ಅಂತ ಹೋಲಿಸೋ ಪ್ರೋಟೀನ್) ಯಾವ್ದು ಅಂದ್ರು, ಆಕ್ಟಿನ್ ಅಂದೆ, ನಿನ್ನ ಡ್ರಗ್‌ನಿಂದ ಆಕ್ಟಿನ್ನೇ ಏರುಪೇರಾದ್ರೆ ಏನ್ಮಾಡ್ತೀಯ ಅಂದ್ರು. ನಾಲ್ಕು ಬ್ಲಾಟ್ ಕೈಯಾರೆ ಕೆಡಿಸ್ಕೊಂಡಿದ್ದಕ್ಕೆ ಉತ್ತರ ಬಾಯಿಗೆ ಬಂತು, ಪುಸ್ತಕ ಓದಿ ಅಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ಗೆ ಹೋಗ್ಬೇಕಂದ್ರೆ ಅದರ ಮಾತೃಸಂಸ್ಥೆ ಟಿಐಎಫ್‌ಆರ್‌ನ ಜೀಬಿಲ್ಸ್ (JGEEBILS) ಪ್ರವೇಶ ಪರೀಕ್ಷೆನೂ ಇದೆ, ನೆಟ್ ಒಂದೇ ಬಾಗಿಲಲ್ಲ.

ಧಾರವಾಡದಾಂವ: ಪ್ರಾಜೆಕ್ಟ್ ಅಂತ ಹೋಗಿ ಸಿಕ್ಕಿಹಾಕ್ಕೊಂಡೋರ್ನ ನೀವು ನೋಡಿಲ್ಲ ಅನಸ್ತೈತಿ. ನಮ್ಮ ಬ್ಯಾಚಿನಾಕಿ ಒಬ್ಬಾಕಿ ಒಂದ್ ಲ್ಯಾಬ್ ಸೇರಿದ್ಲು, ಪರೀಕ್ಷೆಗೆ ವಾರ ರಜಾ ಕೇಳಿದ್ರ ಕೊಡ್ಲಿಲ್ಲ, ಎರಡು ವರ್ಷ ಬರೀ ಪ್ರೈಮರ್ (ಪ್ರಯೋಗಕ್ಕ ಬೇಕಾಗೋ ಡಿಎನ್‌ಎ ತುಣುಕು) ಆರ್ಡರ್, ಬಿಲ್ಲು, ಸ್ಟಾಕ್ ರಿಜಿಸ್ಟರ್. ಆಕಿ ಹೆಸರು ಪೇಪರ್‌ದಾಗೂ ಬರ್ಲಿಲ್ಲ. ಇವತ್ತಿಗೂ ನೆನಸಿದ್ರ ಹೊಟ್ಟಿ ಉರೀತೈತಿ.

ಜಕ್ಕೂರು ಕೆರೆ: ಅದಕ್ಕೇ ಸೇರೋಕೆ ಮುಂಚೆ ಅದೇ ಲ್ಯಾಬಲ್ಲಿರೋ ಮೂರನೇ, ನಾಲ್ಕನೇ ವರ್ಷದೋರ್ಗೆ ಫೋನ್ ಮಾಡಿ ಕೇಳ್ಬೇಕು, ಹಿಂದಿನ ಪ್ರಾಜೆಕ್ಟ್ ಹುಡುಗ್ರು ಈಗ ಎಲ್ಲಿದಾರೆ ಅಂತ. ಸಂಸ್ಥೆ ದೊಡ್ಡದು ಅಂತ ಮಾತ್ರ ಹೋಗ್ಬೇಡ.

ಕೊಪ್ಪ ಟು ಹೈಡೆಲ್‌ಬರ್ಗ್: ಜರ್ಮನಿಗೆ ನೆಟ್ಟೇ ಬೇಡ. ಇಎಂಬಿಎಲ್ (ಯುರೋಪಿನ ಮಾಲಿಕ್ಯುಲರ್ ಬಯಾಲಜಿ ಲ್ಯಾಬ್), ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಗಳ ಪಿಎಚ್‌ಡಿ ಪ್ರೋಗ್ರಾಂಗಳಿಗೆ ನೇರ ಅರ್ಜಿ, ಸಂಬಳನೂ ಬರುತ್ತೆ. ಆದ್ರೆ ಮೇಲ್ ಬರೆಯೋದು ಕಲೀಬೇಕು. ನಾನು ಮೊದ್ಲು 'ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಪ್ಯಾಷನೇಟ್' ಅಂತ ನಲವತ್ತು ಜನಕ್ಕೆ ಒಂದೇ ಮೇಲ್ ಕಳ್ಸಿದ್ದೆ, ಒಬ್ರೂ ಉತ್ರ ಕೊಡ್ಲಿಲ್ಲ. ಆಮೇಲೆ ಒಂದು ಡ್ರೊಸೊಫಿಲಾ (ಹಣ್ಣಿನ ನೊಣ) ಲ್ಯಾಬಿನ ಪೇಪರ್ ಪೂರ್ತಿ ಓದಿ, 18 ಡಿಗ್ರಿಲಿ ಬೆಳೆದ ನೊಣಗಳಲ್ಲಿ ಫಿನೋಟೈಪ್ (ಹೊರಗೆ ಕಾಣೋ ಲಕ್ಷಣ) ಕಮ್ಮಿ ಇರೋದು, ಜೀನ್ ಆನ್ ಮಾಡೋ ಗಾಲ್4 ಪ್ರೋಟೀನ್ ಆ ತಾಪಮಾನದಲ್ಲಿ ಮಂಕಾಗೋದ್ರಿಂದಾನಾ ಅಂತ ಕೇಳ್ದೆ. ಎರಡೇ ದಿನಕ್ಕೆ ಉತ್ರ ಬಂತು.

ಜಕ್ಕೂರು ಕೆರೆ: ತಂಗಿ, ಒಂದ್ ವಿಷ್ಯ ಎಲ್ರೂ ಮರ್ತಿದೀವಿ. ಯುಜಿಸಿ 2024ರಲ್ಲಿ ತಂದ ನಿಯಮದ ಪ್ರಕಾರ ನಿನ್ನ ಪಿಎಚ್‌ಡಿ ಕೆಟಗರಿ ಅಂಕ ಯೂನಿವರ್ಸಿಟಿ ಅಡ್ಮಿಷನ್‌ಗೆ 70 ಪರ್ಸೆಂಟ್ ಲೆಕ್ಕಕ್ಕೆ ಬರುತ್ತೆ, ಉಳಿದ 30 ಇಂಟರ್ವ್ಯೂ. ಆದ್ರೆ ಅದು ಒಂದೇ ವರ್ಷ ಚಾಲ್ತಿ.

ಧಾರವಾಡದಾಂವ: ಹೌದಲ್ಲ, ಆಕಿ ಕೈಯಾಗ ಇರೋದನ್ನ ನಾನು ನೋಡ್ಲೇ ಇಲ್ಲ. ಹಂಗಾದ್ರ ಮೊದ್ಲ ಅರ್ಜಿ ಹಾಕವಾ, ಓದೂದು ಜೋಡಿಗೇ ನಡೀಲಿ.

ದಾವಣಗೆರೆ ಹುಡುಗಿ: ಒಂದೇ ವರ್ಷ ಅಂತ ನಿಜವಾಗ್ಲೂ ಗೊತ್ತಿರ್ಲಿಲ್ಲ, ರಿಸಲ್ಟ್ ಬಂದು ಆಗ್ಲೇ ನಾಲ್ಕು ತಿಂಗ್ಳು ಹೋಯ್ತು. ಜಕ್ಕೂರು ಅಕ್ಕ, ಇವತ್ತು ರಾತ್ರಿ ಒಂದು ಪೇಪರ್ ಓದಿ ಮೇಲ್ ಬರ್ದು ಇಲ್ಲೇ ಹಾಕ್ತೀನಿ, ಕಳ್ಸೋಕೆ ಮುಂಚೆ ಒಂದ್ಸಲ ನೋಡ್ತೀರಾ?