ಬೆಂಗಳೂರಲ್ಲಿ ಇಷ್ಟೊಂದು ಎಫ್‌ಎಂ ಇದ್ದೂ ಎಲ್ಲ ಒಂದೇ ಥರ ಕೇಳಿಸುವುದು ಯಾಕೆ?

ಕೆಂಗೇರಿ ಲೋಕಲ್:

ಕೆಂಗೇರಿಯಿಂದ ಮಾರತ್ತಹಳ್ಳಿಗೆ ದಿನಾ ಕಾರಲ್ಲಿ ಹೋಗಿಬರುತ್ತೇನೆ. ಹೋಗೋಕೆ ಒಂದೂಮುಕ್ಕಾಲು ಗಂಟೆ, ಸಿಲ್ಕ್ ಬೋರ್ಡಲ್ಲಿ ಗ್ರಹಚಾರ ಕೆಟ್ಟರೆ ಎರಡೂಕಾಲು. ಹಳೇ ಕಾರು, ಬ್ಲೂಟೂತ್ ಇಲ್ಲ, ರೇಡಿಯೋನೇ ಗತಿ. ಹೋದ ವಾರ ತಲೆಕೆಟ್ಟು ಒಂದು ಕೆಲಸ ಮಾಡಿದೆ. ಪಕ್ಕದ ಸೀಟಲ್ಲಿ ಬರುವ ಗೆಳೆಯನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಯಾವ ಸ್ಟೇಷನ್‌ನಲ್ಲಿ ಎಷ್ಟು ಹೊತ್ತಿಗೆ ಯಾವ ಹಾಡು ಬಂತು ಅಂತ ಐದು ದಿನ ಬರೆಸಿದೆ. ಒಂದು ಕನ್ನಡ ಸ್ಟೇಷನ್‌ನಲ್ಲಿ, ಹೆಸರು ಬೇಡ ಬಿಡಿ, ಐದೂ ದಿನ ಎಂಟರಿಂದ ಹತ್ತರೊಳಗೆ ಒಂದೇ ಹಾಡು ಬಂತು. ಬುಧವಾರ ಎರಡು ಸಲ. ತಪ್ಪಿಸಿಕೊಳ್ಳೋಣ ಅಂತ ಪಕ್ಕದ ಸ್ಟೇಷನ್‌ಗೆ ಹಾರಿದರೆ ಅಲ್ಲಿ ಅದೇ ಹಾಡಿನ ಎರಡನೇ ಚರಣ ನಡೀತಿತ್ತು. ಗೆಳೆಯ ಪೆನ್ ಕೆಳಗಿಟ್ಟ.

ನನ್ನ ಪ್ರಶ್ನೆ ಇದು. ಇಲ್ಲಿ ಸ್ಟೇಷನ್ ಬದಲಾಯಿಸಿದರೆ ಬದಲಾಗುವುದು ಭಾಷೆ ಮಾತ್ರ. ಕನ್ನಡದ ಹೊಸ ಸಿನಿಮಾ ಹಾಡು, ಇಲ್ಲಾ ಹಿಂದಿಯ ಹೊಸ ಸಿನಿಮಾ ಹಾಡು. ನನ್ನ ಅಪ್ಪನಿಗೆ 74, ಅವರಿಗೆ ಪಿ.ಬಿ. ಶ್ರೀನಿವಾಸ್ ಬೇಕು, ಭಾವಗೀತೆ ಬೇಕು. ಮಗಳಿಗೆ ಹದಿಮೂರು, ಅವಳು ಕೇಳೋದು ಕನ್ನಡ ರ‍್ಯಾಪ್. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ರಾಯಚೂರಿನವರು, ರಾತ್ರಿಯೆಲ್ಲ ಮೊಬೈಲಲ್ಲಿ ಉತ್ತರ ಕರ್ನಾಟಕದ ಜಾನಪದ ಹಾಡು ಹಾಕಿಕೊಂಡು ಕೂತಿರುತ್ತಾರೆ. ಈ ಮೂವರೂ ಕನ್ನಡದವರೇ ಅಲ್ವಾ? ಮೂವರಿಗೂ ಡಯಲ್ ಮೇಲೆ ಜಾಗ ಇಲ್ಲ. ಒಂದು ಕೋಟಿ ದಾಟಿದ ಊರು ಸ್ವಾಮಿ ಇದು. ಯಾಕೆ ಹೀಗೆ? ರೇಡಿಯೋದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹಳೇ ಶೆಡ್ಯೂಲರ್:

ನಾನು ನಾಲ್ಕು ವರ್ಷ ಒಂದು ಎಫ್‌ಎಂನಲ್ಲಿ ಹಾಡಿನ ಪಟ್ಟಿ ಕೂಡಿಸುವ ಕೆಲಸ ಮಾಡಿದ್ದೇನೆ. ನಿಮ್ಮ ಗೆಳೆಯನ ನೋಟ್‌ಬುಕ್ಕಿನಲ್ಲಿ ಬಿದ್ದ ಹಾಡು ಹೆಚ್ಚುಕಮ್ಮಿ ನನ್ನಂಥವನೇ ಹಾಕಿರೋದು, ಆರ್‌ಜೆ ಅಲ್ಲ. ಆರ್‌ಜೆಗೆ ಹಾಡು ಆರಿಸುವ ಅಧಿಕಾರ ಇದೆ ಅಂತ ಕೇಳುವವರು ಅಂದುಕೊಂಡಿರುತ್ತಾರೆ. ಸುಮ್ನೆ. ಅವರ ಮುಂದಿನ ಪರದೆ ಮೇಲೆ ಇಡೀ ಗಂಟೆಯ ಪಟ್ಟಿ ಮೊದಲೇ ಬಂದು ಕೂತಿರುತ್ತದೆ, ಅವರು ನಡುವೆ ಮಾತಾಡಬೇಕು ಅಷ್ಟೇ.

ಕೆಲಸ ನಡೆಯುವುದು ಹೀಗೆ. ಹಾಡುಗಳನ್ನು ಗುಂಪು ಮಾಡಿ ಸಾಫ್ಟ್‌ವೇರಿಗೆ ತುಂಬುತ್ತೇವೆ. ಈಗ ಓಡುತ್ತಿರುವ ಹಿಟ್‌ಗಳು ಒಂದು ಗುಂಪು, ಅದರಲ್ಲಿ ಹತ್ತು ಹನ್ನೆರಡು ಹಾಡು ಇದ್ದರೆ ಜಾಸ್ತಿ. ಅವು ಮೂರು ನಾಲ್ಕು ಗಂಟೆಗೊಮ್ಮೆ ತಿರುಗಿ ಬರಲೇಬೇಕು. ಆಮೇಲೆ ಹೋದ ಎರಡು ಮೂರು ವರ್ಷದ್ದು, ಆಮೇಲೆ ಅಪರೂಪಕ್ಕೊಂದು ಹಳೇದು. ಯಾವ ಹಾಡು ಯಾವ ಗುಂಪಿಗೆ ಅನ್ನೋದಕ್ಕೆ ಫೋನ್ ಮಾಡಿ ಹಾಡಿನ ಹತ್ತು ಸೆಕೆಂಡ್ ಕೇಳಿಸಿ, ಇಷ್ಟವಾ, ಬೇಜಾರಾಯಿತಾ ಅಂತ ಕೇಳುತ್ತಿದ್ದೆವು. ಹತ್ತು ಸೆಕೆಂಡಲ್ಲಿ ಗುರುತು ಸಿಗದ ಹಾಡು ಪಟ್ಟಿಯಿಂದ ಹೊರಗೆ. ಹೊಸ ದನಿ ಬರೋದು ಎಲ್ಲಿಂದ ಹೇಳಿ.

ಇನ್ನು ರೇಟಿಂಗ್. ಯಾರು ಏನು ಕೇಳುತ್ತಾರೆ ಅಂತ ಅಳೆಯುವ ರ‍್ಯಾಮ್ ಅಂತ ಒಂದು ವ್ಯವಸ್ಥೆ 2007ರಲ್ಲಿ ಬಂತು. ದೆಹಲಿ, ಮುಂಬೈ, ಕೋಲ್ಕತ್ತ, ಬೆಂಗಳೂರು, ನಾಲ್ಕೇ ಊರು. ಒಂದೊಂದು ಊರಿಗೆ 480 ಜನ. ಅವರಿಗೆ ಒಂದು ಡೈರಿ ಕೊಡುತ್ತಾರೆ, ಯಾವ ಹೊತ್ತಲ್ಲಿ ಯಾವ ಸ್ಟೇಷನ್ ಕೇಳಿದೆ ಅಂತ ಅವರೇ ಬರೆಯಬೇಕು. ಯಾರು ನೆನಪಿಟ್ಟುಕೊಂಡು ಬರೆಯುತ್ತಾರೆ? ಬಾಯಿಗೆ ಬಂದ ಹೆಸರು ಬರೆಯುತ್ತಾರೆ. ಅದಕ್ಕೇ ಎಲ್ಲ ಸ್ಟೇಷನ್ನೂ ಮೂರು ನಿಮಿಷಕ್ಕೊಮ್ಮೆ ತನ್ನ ಹೆಸರು ತಾನೇ ಕೂಗಿಕೊಳ್ಳುವುದು. ಈಗ ನಿಮ್ಮ ಅಪ್ಪನಿಗೆ ಅಂತ ಬರೀ ಭಾವಗೀತೆಯ ಸ್ಟೇಷನ್ ತೆರೆದೆ ಅಂದುಕೊಳ್ಳಿ. 480ರಲ್ಲಿ ಅಂಥವರು ಐದಾರು ಜನ ಸಿಕ್ಕಾರು. ಅವರಲ್ಲಿ ಇಬ್ಬರು ಆ ವಾರ ಮದುವೆಗೆ ಅಂತ ಊರಿಗೆ ಹೋದರೆ ನನ್ನ ಸ್ಟೇಷನ್ ಸತ್ತ ಹಾಗೆ.

ಖರ್ಚು ನೋಡಿ. 2015ರ ಹರಾಜಲ್ಲಿ ಬೆಂಗಳೂರಿನ ಒಂದು ಫ್ರೀಕ್ವೆನ್ಸಿ ನೂರು ಕೋಟಿ ದಾಟಿತು. ಹದಿನೈದು ವರ್ಷಕ್ಕೆ. ವರ್ಷ ವರ್ಷ ಲೈಸೆನ್ಸ್ ಫೀ ಬೇರೆ. ಅಷ್ಟು ಸುರಿದವನು ಪ್ರಯೋಗ ಮಾಡುತ್ತಾನಾ?

ಬಸವನಗುಡಿ ಬಸ್ಯಾ:

ವೈವಿಧ್ಯ ಅನ್ನೋ ಮಾತು ಕೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. 2001ರ ಜುಲೈನಲ್ಲಿ ರೇಡಿಯೋ ಸಿಟಿ 91.1 ಶುರುವಾದಾಗ ನಾನು ಕಾಲೇಜಲ್ಲಿದ್ದೆ. ದೇಶದ ಮೊದಲ ಖಾಸಗಿ ಎಫ್‌ಎಂ ನಮ್ಮ ಊರಲ್ಲೇ ಅಂತ ಕುಣಿದಿದ್ದೆ. ಹಾಕಿ ಕೇಳಿದರೆ ಇಂಗ್ಲಿಷು, ಹಿಂದಿ, ನಡುವೆ ಉಪ್ಪಿನಕಾಯಿ ಥರ ಕನ್ನಡ. ಕೇಳಿದರೆ, ಇದು ಕಾಸ್ಮೋಪಾಲಿಟನ್ ಸಿಟಿ, ಎಲ್ಲರಿಗೂ ಬೇಕಲ್ಲ ಅನ್ನೋ ಉತ್ತರ. 2006ರಲ್ಲಿ ಇನ್ನೊಂದಷ್ಟು ಸ್ಟೇಷನ್ ಬಂದು ಪೈಪೋಟಿ ಏರಿ, ಕನ್ನಡ ಹಾಕಿದವರ ಕಡೆ ಜನ ವಾಲುವುದು ಕಂಡ ಮೇಲೆ ಒಬ್ಬೊಬ್ಬರೇ ಕನ್ನಡಕ್ಕೆ ತಿರುಗಿದರು. ಪ್ರೀತಿಯಿಂದ ಅಲ್ಲ, ಲೆಕ್ಕದಿಂದ. ಪರವಾಗಿಲ್ಲ, ತಿರುಗಿದರಲ್ಲ.

ಆಮೇಲೆ ಒಂದೇ ಕಂಪನಿ ಒಂದೇ ಊರಲ್ಲಿ ಒಂದಕ್ಕಿಂತ ಹೆಚ್ಚು ಸ್ಟೇಷನ್ ನಡೆಸಬಹುದು ಅಂತ, ಸರ್ಕಾರ ಖಾಸಗಿ ಎಫ್‌ಎಂಗೆ ಲೈಸೆನ್ಸ್ ಹಂಚಿದ ಮೂರನೇ ಹಂತದಲ್ಲಿ ನಿಯಮ ಬಂತು. ಎರಡನೇದರಲ್ಲಿ ಬೇರೆ ಥರದ ಸಂಗೀತ ಬರಬಹುದು ಅಂತ ಆಗ ಪೇಪರಲ್ಲೆಲ್ಲ ಬರೆದಿದ್ದರು. ಬಂದದ್ದೇನು? ಮಿರ್ಚಿಯವರದು 98.3 ಕನ್ನಡ ಇತ್ತು, 95ರಲ್ಲಿ ಹಿಂದಿ ಬಂತು. ವೈವಿಧ್ಯದ ಬಾಗಿಲು ತೆಗೆದಾಗಲೆಲ್ಲ ಒಳಗೆ ಬರೋದು ಹಿಂದಿ. ಹಾಗಾಗಿ ನನ್ನ ಮಟ್ಟಿಗೆ ಇರೋ ಕನ್ನಡ ಸ್ಟೇಷನ್ ಕೆಟ್ಟದಾಗಿದ್ದರೂ ಇರಲಿ, ಅಲ್ಲಾಡಿಸಬೇಡಿ.

ಶ್ರೀರಾಮಪುರದವಳು:

ಬಸ್ಯಾ ಅವರೇ, ನಮ್ಮ ಮನೇಲಿ ತಮಿಳು, ಬೀದೀಲಿ ಕನ್ನಡ. ನಾನು ಓದಿದ್ದು ಕನ್ನಡ ಮೀಡಿಯಂ. ನನ್ನನ್ನು ಯಾವ ಗುಂಪಿಗೆ ಹಾಕುತ್ತೀರೋ ಹಾಕಿ, ಆದರೆ ಲೆಕ್ಕ ಒಂದು ನೋಡಿ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನವರು ನೂರಕ್ಕೆ 44-45. ತಮಿಳು ಸುಮಾರು 15, ತೆಲುಗು 14ರ ಆಸುಪಾಸು, ಉರ್ದು 12ರ ಮೇಲೆ. ಈ ಮೂರೂ ಸೇರಿದರೆ ನಲವತ್ತು. ಹಿಂದಿಯವರು ಐದಾರು ಜನ. ಈಗ ಎಫ್‌ಎಂ ತಿರುಗಿಸಿ. ಹಿಂದಿಗೆ ಪೂರ್ತಿ ಸ್ಟೇಷನ್ ಇದೆ. ಇಂಗ್ಲಿಷಿಗೆ 2006ರಿಂದ ಇಂಡಿಗೋ 91.9 ಇದೆ. ನಲವತ್ತು ಜನರ ಮೂರು ಭಾಷೆಗೆ ಒಂದು ಖಾಸಗಿ ಸ್ಟೇಷನ್ನೂ ಇಲ್ಲ. ಜನರ ತಲೆ ಎಣಿಸಿ ಸ್ಟೇಷನ್ ಮಾಡಿದ್ದರೆ ಹೀಗಾಗುತ್ತಿತ್ತಾ? ಎಣಿಸಿರೋದು ಜೇಬು.

ನನಗೇನೂ ತಮಿಳು ಸ್ಟೇಷನ್ ಬೇಡ. ಬಂದರೆ ಮೊದಲು ಗಲಾಟೆ, ಆಮೇಲೆ ಹಾಡು, ಗೊತ್ತಿದೆ. ನಮ್ಮಜ್ಜಿ ಮಿಲ್ಲಿಗೆ ಹೋಗುತ್ತಿದ್ದವಳು. ರಾತ್ರಿ ಒಂಬತ್ತಾದ ಮೇಲೆ ಸಿಲೋನ್ ರೇಡಿಯೋ ತಮಿಳು ಸೇವೆ ಹಿಡಿಯುತ್ತಿದ್ದಳು. ಅಲೆ ಅಲೆಯಾಗಿ ಬರೋದು, ನಡುವೆ ಗೊರ ಗೊರ ಸದ್ದು, ಅವಳು ರೇಡಿಯೋ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದಳು, ಕೈ ತೆಗೆದರೆ ಸ್ಟೇಷನ್ ಹೋಗುತ್ತಿತ್ತು. ಬೆಳಿಗ್ಗೆ ಎದ್ದರೆ ಅದೇ ರೇಡಿಯೋದಲ್ಲಿ 7.35ರ ಕನ್ನಡ ವಾರ್ತೆ. ಒಂದು ಪೆಟ್ಟಿಗೆಯಲ್ಲಿ ಎರಡೂ ಇತ್ತು, ಯಾರಿಗೂ ಏನೂ ಕಡಿಮೆಯಾಗಲಿಲ್ಲ.

ಬಸವನಗುಡಿ ಬಸ್ಯಾ:

ಈ ಲೆಕ್ಕ ನನಗೆ ಹೀಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಐದಕ್ಕೆ ಸ್ಟೇಷನ್, ನಲವತ್ತಕ್ಕೆ ಸೊನ್ನೆ. ಆದರೂ ಕನ್ನಡ ಸ್ಟೇಷನ್ ಒಂದೂ ಕಡಿಮೆಯಾಗಬಾರದು ಅನ್ನೋ ಮಾತಿಗೆ ನಾನು ನಿಂತಿದ್ದೇನೆ.

ಸುಮ್ನೆ ಓದ್ತೀನಿ:

ಎಲ್ಲರ ಕೈಲೂ ಫೋನ್ ಇದೆ, ಸ್ಪಾಟಿಫೈ ಇದೆ, ಯೂಟ್ಯೂಬ್ ಇದೆ. ಅವರವರ ಹಾಡು ಅವರವರು ಕೇಳಿಕೊಳ್ಳಲಿ. ರೇಡಿಯೋಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ?

ಹಳೇ ಶೆಡ್ಯೂಲರ್:

ಕೇಳಿಕೊಳ್ಳಲಿ, ಬೇಡ ಅಂದವರು ಯಾರು. ಆದರೆ ಆಟೋದವರನ್ನು ಕೇಳಿ ನೋಡಿ. ದಿನಕ್ಕೆ ಹತ್ತು ಗಂಟೆ ಡೇಟಾ ಓಡಿಸಿ ಹಾಡು ಕೇಳೋದು ಒಂದು, ಆನ್ ಮಾಡಿ ಮರೆತುಬಿಡೋದು ಇನ್ನೊಂದು. ಫೋನ್ ವಿಷಯಕ್ಕೆ ಬಂದರೆ, ಇಯರ್‌ಫೋನಿನ ವೈರೇ ಎಫ್‌ಎಂಗೆ ಆಂಟೆನಾ. ಅದನ್ನು ಚುಚ್ಚುವ ತೂತನ್ನೇ ಕಂಪನಿಯವರು ತೆಗೆದುಹಾಕಿದರು, ವೈರ್ ಹೋಯಿತು, ಫೋನಿನ ರೇಡಿಯೋನೂ ಹೋಯಿತು. ಫೋನುಗಳಲ್ಲಿ ಎಫ್‌ಎಂ ಇರುವ ಹಾಗೆ ನೋಡಿಕೊಳ್ಳಿ ಅಂತ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಕಂಪನಿಗಳಿಗೆ ಸಲಹೆ ಕಳಿಸಿತ್ತು. ಸಲಹೆ ಅಷ್ಟೇ.

ಇನ್ನೊಂದು ಹೇಳೋದು ಮರೆತೆ. ಬೇರೆ ದೇಶಗಳಲ್ಲಿ ಬರೀ ಮಾತಿನ ಸ್ಟೇಷನ್ ಇರುತ್ತದೆ, ಸುದ್ದಿ, ವಾದ, ಊರಿನ ತಂಟೆ ತಕರಾರು. ಇಲ್ಲಿ ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಹೇಳುವ ಹಾಗಿಲ್ಲ. ಆಕಾಶವಾಣಿ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ಟ್ರಾಫಿಕ್, ಹವಾಮಾನ ಹೇಳಬಹುದು. ಸಿಲ್ಕ್ ಬೋರ್ಡಲ್ಲಿ ಜಾಮ್ ಅಂತ ಹೇಳಬಹುದು, ಯಾಕೆ ಹತ್ತು ವರ್ಷದಿಂದ ಜಾಮ್ ಅಂತ ಪಾಲಿಕೆಯವರನ್ನು ಕೂರಿಸಿ ಕೇಳೋಕೆ ಹೊರಟರೆ ಕಷ್ಟ. ಹಾಗಾಗಿ ಉಳಿಯೋದು ಹಾಡು, ತಮಾಷೆ ಫೋನ್ ಕಾಲ್, ಮತ್ತೆ ಹಾಡು.

ತೊಂಬತ್ತು ನಾಲ್ಕು:

ಯಾರೂ ಸಮುದಾಯ ಬಾನುಲಿ ಹೆಸರೇ ಎತ್ತಲಿಲ್ಲ, ಅಂದರೆ ಸಂಘ ಸಂಸ್ಥೆಗಳು ಸುತ್ತಮುತ್ತಲಿನ ಜನರಿಗಾಗಿ ನಡೆಸುವ ಸಣ್ಣ ಸ್ಟೇಷನ್. ನಾನು ಅಂಥ ಒಂದರಲ್ಲಿ ಎರಡು ವರ್ಷ ವಾಲಂಟಿಯರ್ ಆಗಿದ್ದೆ. ಬೆಂಗಳೂರಲ್ಲಿ ಜೈನ್ ಸಂಸ್ಥೆಯ ರೇಡಿಯೋ ಆಕ್ಟಿವ್ 90.4, 2007ರಿಂದ ಇದೆ. ಲೈಂಗಿಕ ಅಲ್ಪಸಂಖ್ಯಾತರು, ಕಸ ಆಯುವವರು ತಾವೇ ಮೈಕ್ ಮುಂದೆ ಕೂತು ಕಾರ್ಯಕ್ರಮ ಮಾಡಿದ್ದಾರೆ. ಎಷ್ಟು ಜನ ಕೇಳಿದ್ದೀರಿ? ತಪ್ಪು ನಿಮ್ಮದಲ್ಲ. ಸಮುದಾಯ ಬಾನುಲಿಗೆ ಕೊಡೋದು 100 ವ್ಯಾಟ್, ಆಂಟೆನಾ 30 ಮೀಟರ್‌ಗಿಂತ ಎತ್ತರ ಇರಬಾರದು. ಅದು ಹಳ್ಳಿಗೆ ಸರಿ. ಇಲ್ಲಿ ಎದುರಿಗೆ ಇಪ್ಪತ್ತು ಮಹಡಿ ಎದ್ದರೆ ಅದರ ಹಿಂದಿನ ಬೀದಿಗೆ ನಾವಿಲ್ಲ. ನಮ್ಮಲ್ಲಿ ಒಬ್ಬರು ಅಮ್ಮ ವಾರಕ್ಕೊಮ್ಮೆ ಸೋಬಾನೆ ಪದ ಹಾಡೋಕೆ ಬರುತ್ತಿದ್ದರು. ಅವರ ಮನೆಗೇ ಸ್ಟೇಷನ್ ಸಿಗುತ್ತಿರಲಿಲ್ಲ. ರೆಕಾರ್ಡ್ ಮಾಡಿ ಪೆನ್‌ಡ್ರೈವಲ್ಲಿ ಹಾಕಿ ಕೊಡುತ್ತಿದ್ದೆ.

ಕೋಲಾರದ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಅನ್ನೋ ಸಮುದಾಯ ಬಾನುಲಿಯವರದು ಇನ್ನೂ ಚೆಂದ. ಆಗ ಸಂಘ ಸಂಸ್ಥೆಗಳಿಗೆ ಲೈಸೆನ್ಸ್ ಕೊಡುತ್ತಿರಲಿಲ್ಲ. ಅದಕ್ಕೆ ಅವಕಾಶ ಸಿಕ್ಕಿದ್ದು 2006ರ ಕೊನೆಗೆ. ಅವರು ಕಾಯಲಿಲ್ಲ, ಕೇಬಲ್ ಎಳೆದು ಮನೆ ಮನೆಗೆ ಕೇಳಿಸಿದರು. ಇನ್ನೂ ಹಿಂದೆ ಹೋದರೆ, 1935ರಲ್ಲಿ ಮೈಸೂರಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಬಾನುಲಿ ಶುರು ಮಾಡಿದ್ದು 30 ವ್ಯಾಟ್‌ನಲ್ಲಿ. ಆಕಾಶವಾಣಿ ಅನ್ನೋ ಹೆಸರು ಅಲ್ಲಿಯದು. ಅವರ ಹತ್ತಿರ ನಮಗಿಂತ ಕಡಿಮೆ ವ್ಯಾಟ್ ಇತ್ತು, ಅಡ್ಡಕ್ಕೆ ಅಪಾರ್ಟ್‌ಮೆಂಟ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಕೆಂಗೇರಿ ಲೋಕಲ್:

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಹಳೇ ಶೆಡ್ಯೂಲರ್, ಒಂದು ಅನುಮಾನ. ಜಾಗ ಇಲ್ಲ ಅಂತೀರಾ, ಆದರೆ ಡಯಲ್ ಮೇಲೆ ನಡುನಡುವೆ ಎಷ್ಟು ಖಾಲಿ ಇದೆ!

ಹಳೇ ಶೆಡ್ಯೂಲರ್:

91.1, 91.9, 92.7, 93.5, 94.3. ಕಳೆದು ನೋಡಿ. ಎಲ್ಲದರ ನಡುವೆ ಸರಿಯಾಗಿ ಪಾಯಿಂಟ್ ಎಂಟು. ಒಂದೇ ಊರಲ್ಲಿ ಎರಡು ಸ್ಟೇಷನ್ ನಡುವೆ 800 ಕಿಲೋಹರ್ಟ್ಸ್ ಬಿಡಬೇಕು ಅಂತ ಲೆಕ್ಕ. ಅದನ್ನು 400ಕ್ಕೆ ಇಳಿಸಿ, ಸ್ಟೇಷನ್ ಜಾಸ್ತಿ ಆಗುತ್ತೆ ಅಂತ ಕೇಂದ್ರದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಹಿಂದೆಯೇ ಹೇಳಿದೆ. ಇಳಿಸಿ ಅದನ್ನೂ ಕೋಟಿಗಟ್ಟಲೆಗೆ ಹರಾಜು ಹಾಕಿದರೆ ಅದೇ ಹಾಡು ಇನ್ನೂ ಎರಡು ಕಡೆ ಬರುತ್ತೆ, ನಿಮ್ಮ ಗೆಳೆಯನಿಗೆ ಬರೆಯೋ ಕೆಲಸ ಜಾಸ್ತಿ. ಒಂದೆರಡು ಫ್ರೀಕ್ವೆನ್ಸಿ ಬೇರೆ ಇಟ್ಟು, ಸಿನಿಮಾ ಹಾಡು ಹಾಕೋ ಹಾಗಿಲ್ಲ ಅಂತ ಷರತ್ತು ಹಾಕಿ, ಕಡಿಮೆ ದುಡ್ಡಿಗೆ ಕೊಟ್ಟರೆ ಮಾತು ಬೇರೆ. ಜಾನಪದಕ್ಕೊಂದು, ಶ್ರೀರಾಮಪುರದವರು ಹೇಳಿದ ಭಾಷೆಗಳಿಗೆ ಗಂಟೆ ಹಂಚಿದ್ದು ಒಂದು. ಸದ್ಯಕ್ಕೆ ನಿಮ್ಮ ಅಪ್ಪನಿಗೆ ಆಕಾಶವಾಣಿಯೇ ಗತಿ. 102.9 ವಿವಿಧ ಭಾರತಿ, 101.3 ಕಾಮನಬಿಲ್ಲು, ಮೀಡಿಯಂ ವೇವ್ 612.

ಕೆಂಗೇರಿ ಲೋಕಲ್:

612 ಹಿಡಿಯೋ ರೇಡಿಯೋ ಮನೇಲಿತ್ತು, ಕೆಟ್ಟಿದೆ. ಹೊಸದು ತಗೊಂಡರೆ ಬರೀ ಎಫ್‌ಎಂ ಇರುತ್ತೆ. ಎಲ್ಲಿ ಸಿಗುತ್ತೆ?

ಶ್ರೀರಾಮಪುರದವಳು:

ಎಸ್.ಪಿ. ರೋಡಲ್ಲಿ ಹುಡುಕಿ, ಸಿಗುತ್ತೆ. ಹಳೇದನ್ನು ಎಸೆಯಬೇಡಿ, ರಿಪೇರಿಯವರೂ ಅಲ್ಲೇ ಇದ್ದಾರೆ. ಮೀಡಿಯಂ ವೇವ್‌ಗೆ ಮೇಲಿನ ಕಡ್ಡಿ ಎಳೆದು ಪ್ರಯೋಜನ ಇಲ್ಲ, ಆಂಟೆನಾ ಒಳಗೇ ಇರುತ್ತೆ, ರೇಡಿಯೋನೇ ಆ ಕಡೆ ಈ ಕಡೆ ತಿರುಗಿಸಿ ನೋಡಬೇಕು. ಗೊರ ಗೊರ ಅಂದರೆ ಹತ್ತಿರದ ಎಲ್‌ಇಡಿ ಬಲ್ಬು ಆರಿಸಿ. ಅಪ್ಪನಿಗೆ ಹೇಳಿ, ಕೈ ಇಟ್ಟುಕೊಂಡು ಕೂರೋದೂ ಕೆಲವು ಸಲ ಕೆಲಸ ಮಾಡುತ್ತೆ.