ಅಪ್‌ಡೇಟ್: ಅಮ್ಮನ ಜೊತೆ ಹ್ಯಾಕೆನ್‌ಬರ್ಗ್ ಕೋಟೆ ನೋಡಿ ಬಂದೆವು

ಫ್ರಾನ್ಸಿನ ವೆಕ್ರಿಂಗ್ ಹಳ್ಳಿ ಹತ್ತಿರದ ಹ್ಯಾಕೆನ್‌ಬರ್ಗ್ ನೆಲದಡಿ ಕೋಟೆಗೆ ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೆ. ಮೊನ್ನೆ ಹೋಗಿ ಬಂದೆವು. ಸ್ವೆಟರ್ ಮರೆಯಬೇಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಹೊರಗೆ ಬಿಸಿಲು, ಒಳಗೆ ಸುಮಾರು 12 ಡಿಗ್ರಿ!

ನಡಿಗೆ ಇದೆ, ಸುಳ್ಳು ಹೇಳಲ್ಲ. ಆದರೆ ಸುರಂಗದಲ್ಲಿ ಒಂದಷ್ಟು ದೂರ ಪುಟ್ಟ ವಿದ್ಯುತ್ ರೈಲಿನಲ್ಲೇ ಕರೆದೊಯ್ಯುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡು ಸಾಗಿಸುತ್ತಿದ್ದ ದಾರಿ ಅದು. ಅಮ್ಮ ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದು ಅಡುಗೆಮನೆಯಲ್ಲಿ. ಸುಮಾರು ಸಾವಿರ ಸೈನಿಕರಿಗೆ ಅಲ್ಲೇ ಬೇಯಿಸುತ್ತಿದ್ದರಂತೆ. "ಸೂರ್ಯನನ್ನೇ ನೋಡದೆ ಹೇಗಿದ್ದರೋ ಆ ಮಕ್ಕಳು" ಅಂದರು. ನನಗೆ ಗಂಟಲು ಕಟ್ಟಿತು.

ಉಕ್ಕಿನ ಫಿರಂಗಿ ಗೋಪುರ ಮೇಲೆದ್ದು ತಿರುಗುವುದನ್ನೂ ತೋರಿಸಿದರು. ಆದರೆ ನನ್ನ ತಲೆಯಿಂದ ಹೋಗದಿರುವುದು 8ನೇ ಬ್ಲಾಕ್, ಅಂದರೆ ಕೋಟೆಯ ಫಿರಂಗಿಗಳಿದ್ದ ಒಂದು ಕಾಂಕ್ರೀಟ್ ಕಟ್ಟಡ. ಜರ್ಮನ್ನರನ್ನು ತಡೆಯಲೆಂದೇ ಫ್ರೆಂಚರು ಗಡಿಯುದ್ದಕ್ಕೂ ಕಟ್ಟಿದ ಕೋಟೆಗಳ ಸಾಲಿನ, ಅಂದರೆ ಮ್ಯಾಜಿನೋ ಸಾಲಿನ, ದೊಡ್ಡ ಕೋಟೆ ಇದು ಅಲ್ವಾ? 1940ರಲ್ಲಿ ಫ್ರಾನ್ಸ್ ಸೋತಿತು, ಕೋಟೆ ಜರ್ಮನ್ನರ ಕೈಸೇರಿತು. 1944ರ ನವೆಂಬರಿನಲ್ಲಿ ಅವರು ಇದೇ ಬ್ಲಾಕಿನ 75 ಮಿ.ಮೀ. ಫಿರಂಗಿಗಳಿಂದ ಅಮೆರಿಕನ್ ಸೈನಿಕರ ಮೇಲೆ ಗುಂಡು ಹಾರಿಸಿದರು. ಅಮೆರಿಕನ್ನರು 155 ಮಿ.ಮೀ. ಫಿರಂಗಿ ತಂದು ಹೊಡೆದು ಅದನ್ನು ಸುಮ್ಮನಾಗಿಸಿದರು. ಒಡೆದ ಕಾಂಕ್ರೀಟು ಇನ್ನೂ ಹಾಗೇ ಇದೆ.

ಎರಡು ಗಂಟೆಗೂ ಮೇಲಾಯಿತು. ಮಂಡಿನೋವು ಇರುವವರು ಊರುಗೋಲು, ಗಟ್ಟಿ ಶೂ ತೆಗೆದುಕೊಂಡೇ ಹೋಗಿ. ಅಮ್ಮನ ಕಾಲು ಮಾರನೇ ದಿನ ಸ್ವಲ್ಪ ನೋಯಿತು, ಈಗ ಆರಾಮಾಗಿದ್ದಾರೆ.